‘ಬರವಲ್ದು’: ತಪ್ಪೂ ಅಲ್ಲ, ಪಳೆಯುಳಿಕೆಯೂ ಅಲ್ಲ

ಜೂನ್ ಅರ್ಧ ಕಳೆದರೂ ಮೋಡ ಕಟ್ಟದಿದ್ದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜನ ‘ಮಳಿ ಬರವಲ್ದು’ ಅನ್ನುತ್ತಾರೆ. ಊರಿಂದೂರಿಗೆ ಉಚ್ಚಾರ ತುಸು ಬದಲಾಗಿ ‘ಬರವಲ್ತು’, ‘ಬರವೊಲ್ದು’ ಎಂದೂ ಕೇಳುತ್ತದೆ. ಇದೇ ಮಾತನ್ನು ಹುಡುಗನೊಬ್ಬ ಸಾಲಿಯ ಪ್ರಬಂಧದಲ್ಲಿ ಬರೆದನೆನ್ನಿ, ಅದರ ಕೆಳಗೆ ಕೆಂಪು ಗೆರೆ ಬಿದ್ದು ಪಕ್ಕದಲ್ಲಿ ‘ಬರುತ್ತಿಲ್ಲ’ ಎಂಬ ತಿದ್ದುಪಡಿ ಕಾಣಿಸಿಕೊಳ್ಳುತ್ತದೆ. ಈ ಕ್ರಿಯಾರೂಪದ ಬಗ್ಗೆ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಇದು ಗಡಿನಾಡಿನಲ್ಲಿ ಮರಾಠಿಯ ಸಹವಾಸದಿಂದ ಕೆಟ್ಟ ಕನ್ನಡ ಎಂಬುದು ಒಂದು. ಇದೇ ಅಚ್ಚ ಹಳಗನ್ನಡ, ಕೆಟ್ಟಿರುವುದು ಬೆಂಗಳೂರಿನ ಕನ್ನಡ ಎಂಬುದು ಇನ್ನೊಂದು. ಎದುರಾಳಿಗಳಂತೆ ಕಾಣುವ ಈ ಎರಡೂ ಪಕ್ಷಗಳು ಒಂದೇ ನಂಬಿಕೆಯ ಮೇಲೆ ನಿಂತಿವೆ. ಮಾತು ಎಲ್ಲಿಂದ ಬಂತು ಎಂಬುದೇ ಅದರ ಯೋಗ್ಯತೆಯನ್ನು ತೀರ್ಮಾನಿಸುತ್ತದೆ ಎನ್ನುವುದು ಆ ನಂಬಿಕೆ. ಗೊಂದಲ ಇರುವುದು ಅಲ್ಲೇ ಎಂಬುದು ನನ್ನ ವಾದ.

ಮೊದಲ ಪಕ್ಷದ ಮಾತನ್ನು ಅದರ ಪೂರ್ಣ ಬಲದೊಡನೆ ಕೇಳಿಸಿಕೊಳ್ಳಬೇಕು. ಇಂದಿನ ಕನ್ನಡದಲ್ಲಿ ನಿಷೇಧಕ್ಕೆ ಮುಖ್ಯವಾಗಿ ಮೂರು ಪದಗಳಿವೆ: ಇರವನ್ನೂ ಕ್ರಿಯೆಯನ್ನೂ ಅಲ್ಲಗಳೆಯಲು ‘ಇಲ್ಲ’, ಇದು ಅದಲ್ಲ ಎಂದು ಬೇರ್ಪಡಿಸಲು ‘ಅಲ್ಲ’, ನಿರಾಕರಣೆಗೂ ತಡೆಯುವುದಕ್ಕೂ ‘ಬೇಡ’. ‘ಮಳೆ ಬರುವುದಿಲ್ಲ’ ಎಂಬುದು ಸರಿಯಾದ ವಾಕ್ಯ. ‘ಮಳೆ ಬರುವುದಲ್ಲ’ ಎಂದರೆ ಅದು ಬೇರೆಯೇ ಅರ್ಥ, ಅಥವಾ ಅರ್ಥವೇ ಇಲ್ಲ. ‘ಬರವಲ್ದು’ ಕಿವಿಗೆ ‘ಬರುವುದು’ ಮತ್ತು ‘ಅಲ್ಲ’ ಕೂಡಿದಂತೆ ಕೇಳುತ್ತದೆ. ಹಾಗಾದರೆ ‘ಇಲ್ಲ’ ಇರಬೇಕಾದ ಜಾಗದಲ್ಲಿ ‘ಅಲ್ಲ’ ಬಂದು ಕೂತಿದೆ, ವ್ಯಾಕರಣ ಕೆಟ್ಟಿದೆ. ಜೊತೆಗೆ ಚರಿತ್ರೆಯ ಸಾಕ್ಷಿಯೂ ಸಿಗುತ್ತದೆ. ಈ ತಾಲೂಕುಗಳ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕಚೇರಿ, ಪೇಟೆ, ಬೀಗತನ ಎಲ್ಲದರಲ್ಲೂ ಮರಾಠಿ ಹಾಸುಹೊಕ್ಕಾಗಿತ್ತು, ಹುಕ್ಕೇರಿಯ ಪಡುವಣ ಅಂಚಿನಲ್ಲಿ ಈಗಲೂ ಎರಡು ಭಾಷೆಗಳು ಒಂದೇ ಓಣಿಯಲ್ಲಿ ನಡೆಯುತ್ತವೆ. ‘ಲಗೂನ’, ‘ಚಾಲೂ’, ‘ಖರೇ’ ಮುಂತಾದ ಪದಗಳು ಒಳಗೆ ಬಂದಿದ್ದರೆ ವ್ಯಾಕರಣವೂ ಜಾರಿರಬಹುದಲ್ಲವೇ? ಪ್ರಶ್ನೆ ಅಸಂಗತವೇನಲ್ಲ. ಉತ್ತರಕ್ಕೆ ಆ ರೂಪವನ್ನೇ ಬಿಚ್ಚಿ ನೋಡಬೇಕು.

ಬಿಚ್ಚಿದರೆ ಒಳಗಿರುವುದು ‘ಅಲ್ಲ’ ಅಲ್ಲ, ‘ಒಲ್ಲ’. ಒಪ್ಪು, ಮನಸ್ಸು ಮಾಡು ಎಂಬ ಅರ್ಥದ ‘ಒಲ್’ ಎಂಬ ಹಳೆಯ ಧಾತು ಇಲ್ಲಿದೆ. ಒಲಿ, ಒಲವು, ಒಲುಮೆ ಇವೆಲ್ಲ ಅದರ ನಂಟರು. ‘ಬರಲ್’ ಎಂಬುದರ ಮುಂದೆ ‘ಒಲ್ಲದು’ ಸೇರಿದರೆ ‘ಬರಲೊಲ್ಲದು’, ಅಂದರೆ ಬರಲು ಒಪ್ಪದು. ಒತ್ತೊತ್ತಾಗಿ ಬರುವ ಲಕಾರಗಳಲ್ಲಿ ಮೊದಲನೆಯದು ಬೇಗನೆ ಆಡುವಾಗ ಉದುರುತ್ತದೆ. ಒಕಾರ ಬಾಯಿಮಾತಿನಲ್ಲಿ ವಕಾರದ ಕಡೆಗೆ ವಾಲುತ್ತದೆ. ಹಾಗೆ ‘ಬರವಲ್ದು’ ಆಯಿತು. ಒಕಾರದ ಈ ವಾಲುವಿಕೆಗೆ ಬೆಳಗಾವಿ ಜಿಲ್ಲೆಯಲ್ಲೇ ಒಂದು ಊರು ಸಾಕ್ಷಿಯಾಗಿದೆ: ಕವಿರಾಜಮಾರ್ಗ ಹೆಸರಿಸುವ ಒಕ್ಕುಂದ ಇಂದು ಬೈಲಹೊಂಗಲ ತಾಲೂಕಿನ ವಕ್ಕುಂದ. ಆದರೂ ಧ್ವನಿಯ ಹೋಲಿಕೆಯೊಂದನ್ನೇ ನಂಬಿ ಧಾತುವನ್ನು ನಿರ್ಧರಿಸಬಾರದು. ‘ಅಲ್ಲ’ ಎಂದು ಕೇಳಿಸಿಕೊಂಡವರೂ ಧ್ವನಿಯನ್ನೇ ನಂಬಿ ಮೋಸಹೋದವರು. ಆದ್ದರಿಂದ ಬೇರೆ ಪರೀಕ್ಷೆಗಳು ಬೇಕು.

1. ಪುರುಷ ಮತ್ತು ವಚನದ ಪರೀಕ್ಷೆ. ಈ ಭಾಗದ ಮಾತಿನಲ್ಲಿ ‘ಅಲ್ಲ’ ಯಾರಿಗೂ ಬಾಗುವುದಿಲ್ಲ: ನಾ ಅಲ್ಲ, ನೀ ಅಲ್ಲ, ಆಕಿ ಅಲ್ಲ, ಅವರಲ್ಲ. ನಮ್ಮ ರೂಪ ಹಾಗಲ್ಲ. ‘ನೀ ಯಾಕ ಉಣವಲ್ಲಿ?’, ‘ಅಂವ ಕೇಳವಲ್ಲ’, ‘ಆಕಿ ಹೇಳವಲ್ಲಳು’, ‘ಅವರು ಬಿಡವಲ್ಲರು’, ‘ಕೂಸು ಉಣವಲ್ದು’ ಎಂದು ಕರ್ತೃವಿಗೆ ತಕ್ಕಂತೆ ಕೊನೆ ಬದಲಾಗುತ್ತದೆ. ಉತ್ತಮ ಪುರುಷದಲ್ಲಿ ‘ಒಲ್ಲೆ’ ಒಂಟಿಯಾಗಿಯೇ ನಿಲ್ಲುತ್ತದೆ. ಹೀಗೆ ಬಾಗುವುದು ‘ಒಲ್ಲ’ ಮಾತ್ರ.

2. ಒಂಟಿ ಬಳಕೆಯ ಪರೀಕ್ಷೆ. ಒಳಗಿರುವುದು ನಿಜವಾಗಿಯೂ ‘ಒಲ್ಲ’ ಆಗಿದ್ದರೆ ಅದು ಒಂಟಿಯಾಗಿಯೂ ಅದೇ ಊರಿನಲ್ಲಿ ಜೀವಂತ ಇರಬೇಕು. ಇದೆ. ‘ಚಾ ಒಲ್ಲೆ’ ಅನ್ನುವ ಅಜ್ಜಿಯೂ ‘ಸಾಲಿಗೆ ಹೋಗಾಕ ಒಲ್ಲೆ’ ಅನ್ನುವ ಮೊಮ್ಮಗನೂ ದಿನಾಲೂ ಅದನ್ನು ಆಡುತ್ತಾರೆ.

3. ನಂಟರ ಪರೀಕ್ಷೆ. ತೆಲುಗಿನಲ್ಲಿ ‘ಒಲ್ಲನು’ ಎಂದರೆ ‘ನಾನು ಒಪ್ಪೆ’. ತಮಿಳಿನ ಹಳೆಯ ‘ಒಲ್’ ಧಾತುವಿಗೆ ಒಪ್ಪು, ಸಾಧ್ಯವಾಗು ಎಂಬ ಅರ್ಥಗಳಿವೆ. ಪದ ದ್ರಾವಿಡ ಮನೆತನದ್ದು. ಮರಾಠಿಯಿಂದ ಸಾಲ ತಂದದ್ದಲ್ಲ.

‘ಅಲ್ಲ’ ಎಂದು ತಪ್ಪಾಗಿ ಕೇಳಿಸಿಕೊಳ್ಳುವುದಕ್ಕೂ ಒಂದು ಕಾರಣ ಉಂಟು. ಹಳೆಯ ಕನ್ನಡದಲ್ಲಿ ನಿಷೇಧಕ್ಕೆ ಬೇರೆ ಪದವೇ ಬೇಕಾಗಿರಲಿಲ್ಲ. ಧಾತುವಿನ ಮುಂದೆ ಕಾಲಸೂಚಕವಿಲ್ಲದೆ ನೇರವಾಗಿ ಪುರುಷಪ್ರತ್ಯಯ ಹಚ್ಚಿದರೆ ಸಾಕು, ‘ನೋಡೆಂ’ ಎಂದರೆ ನೋಡುವುದಿಲ್ಲ, ‘ಅರಿಯೆಂ’ ಎಂದರೆ ಗೊತ್ತಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಪ್ರತಿಷೇಧ ರೂಪಗಳನ್ನು ಕ್ರಿಯಾಪದದ ಸಹಜ ರೂಪಗಳೆಂದೇ ಪರಿಗಣಿಸುತ್ತಾನೆ. ‘ಒಲ್ಲೆ’ ಈ ಪದ್ಧತಿಗೆ ಸೇರಿದ್ದು. ಅದರಲ್ಲಿ ನಿಷೇಧದ ಗುರುತೆಂದು ಬೆರಳು ಮಾಡಿ ತೋರಿಸುವಂಥ ಅಕ್ಷರವೇ ಇಲ್ಲ. ಇಂದು ‘ಇಲ್ಲ’, ‘ಅಲ್ಲ’ಗಳಿಗೆ ಒಗ್ಗಿದ ಕಿವಿ ನಿಷೇಧದ ಅರ್ಥ ಬಂದಕೂಡಲೇ ಅವುಗಳಲ್ಲಿ ಒಂದನ್ನು ಹುಡುಕುತ್ತದೆ, ‘ವಲ್ಲ’ದಲ್ಲಿ ‘ಅಲ್ಲ’ ಸಿಕ್ಕಿತೆಂದು ಸಮಾಧಾನಪಡುತ್ತದೆ. ತಪ್ಪು ಹಿಡಿಯಲು ಹೋದವರೇ ಇಲ್ಲದ ಪದವೊಂದನ್ನು ಆ ರೂಪದೊಳಗೆ ತುರುಕಿ ಅದಕ್ಕೆ ಶಿಕ್ಷೆ ಕೊಟ್ಟಿದ್ದಾರೆ.

ಹುಟ್ಟು ಶುದ್ಧ ಎಂದು ತೋರಿಸಿದರೆ ವಾದ ಮುಗಿಯಿತೇ? ಎರಡನೆಯ ಪಕ್ಷ ಮುಗಿಯಿತು ಎನ್ನುತ್ತದೆ. ಕವಿರಾಜಮಾರ್ಗ ಹೇಳುವ ಕನ್ನಡದ ತಿರುಳು ನಮ್ಮದೇ ಸೀಮೆ, ವಚನಕಾರರ ‘ಒಲ್ಲೆ’ಯನ್ನು ನಾವು ಬಿಟ್ಟಿಲ್ಲ, ಬಿಟ್ಟವರು ನೀವು ಎನ್ನುತ್ತದೆ. ಈ ಅಭಿಮಾನದ ಹಿಂದೆ ನೋವಿದೆ. ನೂರಾರು ಮಕ್ಕಳು ತಾಯಿಯ ಮಾತಿಗೆ ಕೆಂಪು ಗೆರೆ ಹಾಕಿಸಿಕೊಂಡ ಸೀಮೆ ಅದು. ಆದರೆ ವಾದವಾಗಿ ಇದು ನಿಲ್ಲುವುದಿಲ್ಲ. 9ನೆಯ ಶತಮಾನದ ಆ ಗ್ರಂಥ ತಿರುಳಿಗೆ ಹೆಸರಿಸುವ ನಾಲ್ಕು ಊರುಗಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ, ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ವಕ್ಕುಂದ. ನಕ್ಷೆಯ ಮೇಲೆ ನಾಲ್ಕನ್ನೂ ಗೆರೆಯಿಂದ ಕೂಡಿಸಿದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಅದರ ಆಚೆಗೆ, ವಾಯವ್ಯಕ್ಕೆ ಉಳಿಯುತ್ತವೆ. ಅದೇ ಗ್ರಂಥ ಕನ್ನಡವನ್ನು ಬಹುವಚನದಲ್ಲಿ ‘ಕನ್ನಡಂಗಳ್’ ಎಂದು ಕರೆಯುತ್ತದೆ ಎಂಬುದನ್ನೂ ಮರೆಯಬಾರದು. ಇನ್ನು ಶುದ್ಧಿಯ ಮಾತು. ‘ಮೋಟರ್ ಚಾಲೂ ಆಗವಲ್ದು’ ಎಂಬ ವಾಕ್ಯದಲ್ಲಿ ಹೆಸರು ಇಂಗ್ಲಿಷಿನದು, ‘ಚಾಲೂ’ ಮರಾಠಿ-ಹಿಂದಿಯ ಕಡೆಯದು, ಕೊನೆಯ ಕ್ರಿಯಾರೂಪ ಮಾತ್ರ ಹಳೆಯದು. ಹಳಗನ್ನಡದ ಪಕಾರ ಇಲ್ಲೂ ಹಕಾರವಾಗಿದೆ. ಇಲ್ಲಿನವರೂ ‘ಪೋಗು’ ಅನ್ನದೆ ‘ಹೋಗು’ ಅನ್ನುತ್ತಾರೆ. ಯಾವ ಊರಿನ ಕನ್ನಡವೂ ಕಾಲವನ್ನು ತಡೆದು ನಿಲ್ಲಿಸಿಲ್ಲ. ಒಂದೊಂದು ಸೀಮೆ ಒಂದೊಂದನ್ನು ಉಳಿಸಿಕೊಂಡಿದೆ, ಒಂದೊಂದನ್ನು ಕಳೆದುಕೊಂಡಿದೆ. ಹಳೆಯದು ಎಂಬ ಕಾರಣಕ್ಕೇ ‘ಬರವಲ್ದು’ ಮೇಲು ಎನ್ನುವುದಾದರೆ, ‘ಚಾಲೂ’ ಹೊಸದು ಎಂಬ ಕಾರಣಕ್ಕೆ ಕೀಳಾಗಬೇಕು. ಆಗ ಈ ಪಕ್ಷ ತನ್ನ ಅರ್ಧ ಮಾತನ್ನೇ ತಾನು ಹೀಗಳೆದಂತಾಗುತ್ತದೆ.

ಮೂಲವನ್ನೇ ಅರ್ಥವೆಂದು ತಿಳಿಯುವ ಚಾಳಿ ಇನ್ನೊಂದು ಕಡೆಗೂ ದಾರಿ ತಪ್ಪಿಸುತ್ತದೆ. ‘ಒಲ್’ ಎಂದರೆ ಮನಸ್ಸು ಮಾಡು, ಹಾಗಾಗಿ ‘ಮೋಟರ್ ನೀರು ಎತ್ತವಲ್ದು’ ಅನ್ನುವ ರೈತ ಯಂತ್ರದಲ್ಲೂ ಜೀವ ಕಾಣುತ್ತಾನೆ, ಇದು ಜನಪದರ ಮುಗ್ಧ ದರ್ಶನ ಎಂದು ಬಣ್ಣಿಸುವ ವಿದ್ವಾಂಸರಿದ್ದಾರೆ. ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಲ್ಲಿ ಆ ರೈತ ಮುಂದೇನು ಮಾಡುತ್ತಾನೆ ನೋಡಿ. ಮೋಟರಿನ ಮನವೊಲಿಸುವುದಕ್ಕೆ ಅವನು ಕೂಡುವುದಿಲ್ಲ. ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ, ಪೈಪಿನಲ್ಲಿ ಗಾಳಿ ಹೊಕ್ಕಿದೆಯೇ, ಮೂರು ಫೇಸೂ ಬರುತ್ತಿವೆಯೇ ಎಂದು ನೋಡುತ್ತಾನೆ. ಅವನ ಮಾತಿನಲ್ಲಿ ‘ಒಲ್’ ಇದೆ, ಮನಸ್ಸಿನ ಅರ್ಥ ಅದರಿಂದ ಸವೆದುಹೋಗಿದೆ. ಅಜ್ಜಿಯ ‘ಚಾ ಒಲ್ಲೆ’ಯೂ ಹೀಗೆಯೇ. ಚಹದ ಮೇಲೆ ಆಕೆಗೆ ಒಲವಿಲ್ಲ ಎಂದು ಅದರಿಂದ ತಿಳಿಯಬೇಕಿಲ್ಲ, ಈಗಷ್ಟೇ ಕುಡಿದಿರಬಹುದು. ಹೆಸರುಗಳಲ್ಲಿ ಈ ಮಾತು ಇನ್ನೂ ಸ್ಪಷ್ಟ. 1982ರ ಗೋಕಾಕ ಚಳವಳಿಗೆ ಆ ಹೆಸರು ಬಂದದ್ದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ವಿ. ಕೃ. ಗೋಕಾಕರಿಂದ. ಅವರು ಹುಟ್ಟಿದ್ದು ಸವಣೂರಿನಲ್ಲಿ. ಹೆಸರಿನ ಬೇರು ಗೋಕಾಕ ಊರಿನಲ್ಲಿದೆ, ಅರ್ಥವಿರುವುದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಹೋರಾಟದಲ್ಲಿ. ಬೇರು ಹುಡುಕಿ ಅರ್ಥ ಹೇಳಹೊರಟವರು ಆ ಚಳವಳಿ ಕರದಂಟಿನ ಊರಿನಲ್ಲಿ ನಡೆಯಿತೆಂದು ತಿಳಿಯುತ್ತಾರೆ.

ಇಂಗ್ಲಿಷಿನ ಒಂದು ಹಳೆಯ ಕ್ರಿಯಾಪದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂದು ಭವಿಷ್ಯತ್ತಿನ ಗುರುತಾಗಿ ಕಲಿಸುವ ‘ವಿಲ್’ ಮೂಲದಲ್ಲಿ ‘ಬಯಸು, ಮನಸ್ಸು ಮಾಡು’ ಎಂಬ ಪೂರ್ಣ ಕ್ರಿಯಾಪದವಾಗಿತ್ತು. ಅದರ ಮುಂದೆ ನಿಷೇಧದ ‘ನೆ’ ಸೇರಿ ‘ನಿಲ್’ ಎಂಬ ಇನ್ನೊಂದು ಕ್ರಿಯಾಪದ ಹುಟ್ಟಿತ್ತು, ಅರ್ಥ ‘ಒಲ್ಲೆ’ ಎಂಬುದೇ. ಲ್ಯಾಟಿನ್ನಿನಲ್ಲೂ ‘ವೋಲೋ’ ಎಂದರೆ ಬಯಸುತ್ತೇನೆ, ‘ನೋಲೋ’ ಎಂದರೆ ಒಲ್ಲೆ. ಇಂಗ್ಲಿಷಿನ ‘ನಿಲ್’ ಸತ್ತುಹೋಗಿ ‘ವಿಲ್ಲಿ-ನಿಲ್ಲಿ’ ಎಂಬ ಜೋಡುಪದದಲ್ಲಿ ಮಾತ್ರ ಉಳಿದಿದೆ. ಆ ಜೋಡುಪದಕ್ಕೂ ಮೊದಮೊದಲು ‘ಒಪ್ಪಿದರೂ ಒಪ್ಪದಿದ್ದರೂ’ ಎಂಬ ಅರ್ಥವಿತ್ತು. ಈಗ ಅನೇಕರು ‘ಅಡ್ಡಾದಿಡ್ಡಿಯಾಗಿ’ ಎಂಬರ್ಥದಲ್ಲಿ ಬಳಸುತ್ತಾರೆ. ಕನ್ನಡದಲ್ಲಿ ನಡೆದದ್ದು ಇದರ ತಿರುವು ಮುರುವು. ಇಂಗ್ಲಿಷ್ ‘ಬಯಸು’ವನ್ನು ಉಳಿಸಿಕೊಂಡು ‘ಒಲ್ಲು’ವನ್ನು ಬಿಟ್ಟಿತು. ಕನ್ನಡದ ‘ಒಲ್’ ಧಾತುವಿನಲ್ಲಿ ವಿಧಿರೂಪ ಮರೆಯಾಗಿ ಆ ಕೆಲಸ ‘ಒಲಿ’ಯ ಪಾಲಾಯಿತು, ನಿಷೇಧರೂಪ ಮಾತ್ರ ಗಟ್ಟಿಯಾಗಿ ನಿಂತಿತು. ಇಷ್ಟಾದರೂ ಎರಡೂ ಭಾಷೆಗಳು ಒಂದು ಕಡೆ ಕೂಡುತ್ತವೆ. ಕೆಟ್ಟುನಿಂತ ಗಾಡಿಯ ಬಗ್ಗೆ ಇಂಗ್ಲಿಷಿನವರು ‘ದ ಕಾರ್ ವೋಂಟ್ ಸ್ಟಾರ್ಟ್’ ಅನ್ನುತ್ತಾರೆ, ಅದು ನಾಳೆಯ ಮಾತಲ್ಲ, ಈಗಿನ ಮಾತು. ಅದನ್ನು ಸೊಗಸಾದ ಇಂಗ್ಲಿಷ್ ಎಂದು ಕಲಿಸುವ ಸಾಲಿಯೇ ಪಕ್ಕದ ಕೋಣೆಯಲ್ಲಿ ‘ಗಾಡಿ ಚಾಲೂ ಆಗವಲ್ದು’ ಎಂಬುದಕ್ಕೆ ಕೆಂಪು ಗೆರೆ ಹಾಕುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪಣೆಗೆ ಉತ್ತರ ಕೊಡಬೇಕು. ಮರಾಠಿಯಲ್ಲಿ ‘ಪಾಊಸ ಪಡೇನಾ’, ‘ಗಾಡೀ ಚಾಲೂ ಹೋಈನಾ’ ಎಂಬ ರೂಪಗಳಿವೆ. ಕಾದರೂ ಮಳೆ ಬೀಳುತ್ತಿಲ್ಲ, ಏನು ಮಾಡಿದರೂ ಗಾಡಿ ಏಳುತ್ತಿಲ್ಲ ಎಂಬುದೇ ಅವುಗಳ ಅರ್ಥ. ‘ಬರವಲ್ದು’ವಿನ ಅರ್ಥಕ್ಕೆ ಇದು ಕರಾರುವಾಕ್ಕಾಗಿ ಹೊಂದುತ್ತದೆ. ಹಾಗಾದರೆ ಧಾತು ಕನ್ನಡದ್ದಾದರೂ ಅರ್ಥ ಮರಾಠಿಯಿಂದ ಬಂದಿರಬಾರದೇಕೆ? ಬಂದಿರಬಹುದು, ಕನ್ನಡದಿಂದ ಆ ಕಡೆಗೆ ಹೋಗಿರಬಹುದು, ಎರಡೂ ತಮ್ಮಷ್ಟಕ್ಕೆ ತಾವೇ ಅಲ್ಲಿಗೆ ಬಂದಿರಬಹುದು. ಗಡಿಯ ಸುಳಿವೇ ಇಲ್ಲದ ಇಂಗ್ಲಿಷ್ ಅದೇ ಅರ್ಥಕ್ಕೆ ಬಂದಿದೆ ಎಂಬುದು ಮೂರನೆಯ ಸಾಧ್ಯತೆಗೆ ಬಲ ಕೊಡುತ್ತದೆ. ಮೊದಲನೆಯದೇ ನಿಜವೆಂದು ಒಪ್ಪೋಣ. ಅದರಿಂದ ಏನು ಸಿದ್ಧವಾಯಿತು? ಅಕ್ಕಪಕ್ಕದ ಎರಡು ಭಾಷೆಗಳ ಜನ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸಿ, ತಂತಮ್ಮ ಸಾಮಗ್ರಿಯಿಂದ ಅದಕ್ಕೆ ರೂಪ ಕೊಟ್ಟರು ಎಂದು ಸಿದ್ಧವಾಯಿತು. ಆ ರೂಪ ತಪ್ಪು ಎಂದು ಸಿದ್ಧವಾಗಲಿಲ್ಲ. ಮೂಲದ ಪ್ರಶ್ನೆಗೆ ಉತ್ತರ ಏನೇ ಬರಲಿ, ಸರಿ-ತಪ್ಪಿನ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಹಾಗಾದರೆ ಸರಿ-ತಪ್ಪನ್ನು ಯಾವುದರಿಂದ ಅಳೆಯಬೇಕು? ಎರಡು ಪ್ರಶ್ನೆಗಳು ಸಾಕು. ಆ ರೂಪಕ್ಕೆ ನಿಯಮ ಇದೆಯೇ? ಬೇರೆ ರೂಪ ಮಾಡದ ಕೆಲಸವನ್ನು ಅದು ಮಾಡುತ್ತದೆಯೇ? ನಿಯಮ ಇದೆ ಎಂಬುದನ್ನು ಪುರುಷ-ವಚನದ ಪರೀಕ್ಷೆಯಲ್ಲಿ ಕಂಡೆವು. ಕೆಲಸವನ್ನು ನೋಡಲು ಮೂರು ವಾಕ್ಯಗಳನ್ನು ಸಾಲಾಗಿ ಇಡಬೇಕು. ‘ಮಳಿ ಬಂದಿಲ್ಲ’ ಎಂದರೆ ಇಲ್ಲಿಯವರೆಗಿನ ವರದಿ. ‘ಮಳಿ ಬರಂಗಿಲ್ಲ’ ಎಂದರೆ ಮುಂದಿನ ಊಹೆ, ಅಥವಾ ಯಾವತ್ತಿನ ರೂಢಿ. ‘ಮಳಿ ಬರವಲ್ದು’ ಎಂದರೆ ಬರಬೇಕಾಗಿತ್ತು, ಕಾಯುತ್ತಿದ್ದೇವೆ, ಆದರೂ ಬರುತ್ತಿಲ್ಲ. ಹೇಳುವವನ ನಿರೀಕ್ಷೆ ಕ್ರಿಯಾಪದದೊಳಗೇ ಅಡಕವಾಗಿದೆ. ಇದನ್ನು ನಾನು ಕಲ್ಪಿಸಿ ಹೇರುತ್ತಿಲ್ಲ ಎಂಬುದಕ್ಕೆ ಆ ಭಾಗದ ಯಾರನ್ನಾದರೂ ಕೇಳಬಹುದು. ‘ಸೂರ್ಯ ಪಡುವಣಕ್ಕ ಹುಟ್ಟಂಗಿಲ್ಲ’ ಎಂದರೆ ಹೌದೆನ್ನುತ್ತಾರೆ. ‘ಸೂರ್ಯ ಪಡುವಣಕ್ಕ ಹುಟ್ಟವಲ್ದು’ ಎಂದರೆ ನಗುತ್ತಾರೆ, ಏಕೆಂದರೆ ಅವನು ಅಲ್ಲಿ ಹುಟ್ಟಲೆಂದು ಯಾರೂ ಕಾದಿಲ್ಲ. ‘ನಾಳೆ ಬರಂಗಿಲ್ಲ’ ಸರಿ. ‘ನಾಳೆ ಬರವಲ್ದು’ ಕಿವಿಗೆ ಒಗ್ಗುವುದಿಲ್ಲ, ಏಕೆಂದರೆ ಕಾಯುವಿಕೆ ಈಗಿನದು. ಇಷ್ಟು ಬಿಗಿಯಾಗಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಆಡುವವರಿಗೆ ಗೊತ್ತಿರುವ ರೂಪವನ್ನು ಕೆಟ್ಟ ಕನ್ನಡ ಎನ್ನುವುದು ಹೇಗೆ? ಬಾಯಿಗೆ ಬಂದಂತೆ ಆಡುವ ಮಾತಿಗೆ ಇಂಥ ಗಡಿಗಳಿರುವುದಿಲ್ಲ. ತಿದ್ದುಪಡಿಯ ‘ಬರುತ್ತಿಲ್ಲ’ ಆ ಕ್ಷಣದ ಸ್ಥಿತಿಯನ್ನಷ್ಟೇ ಹೇಳುತ್ತದೆ, ಕಾಯುವಿಕೆಯನ್ನು ತೋರಿಸಲು ಅದಕ್ಕೆ ‘ಎಷ್ಟು ಕಾದರೂ’ ಎಂಬ ಮಾತು ಸೇರಿಸಬೇಕು. ಗುರುಗಳು ಒಂದು ತಪ್ಪನ್ನು ಅಳಿಸಿದೆ ಎಂದುಕೊಂಡಾಗ ನಿಜಕ್ಕೂ ಅಳಿಸಿದ್ದು ಒಂದು ಅರ್ಥವನ್ನು.

ಒಂಟಿ ‘ಒಲ್ಲೆ’ಗೂ ಇಂಥದೇ ಕೆಲಸ ಇದೆ. ‘ನನಗ ಬ್ಯಾಡ’ ಎಂಬುದರಲ್ಲಿ ಮಾತಾಡುವವರು ಚತುರ್ಥಿಯಲ್ಲಿ ಹಿಂದೆ ನಿಂತಿರುತ್ತಾರೆ; ಅಗತ್ಯ ಇಲ್ಲ ಎಂಬುದಷ್ಟೇ ವಿಷಯ. ‘ನಾ ಒಲ್ಲೆ’ ಎಂಬುದರಲ್ಲಿ ಅವರೇ ಕರ್ತೃ, ತೀರ್ಮಾನವೂ ಅವರದೇ. ಊಟದ ಪಂಕ್ತಿಯಲ್ಲಿ ಎರಡಕ್ಕೂ ಹೆಚ್ಚು ಅಂತರ ಇರಲಿಕ್ಕಿಲ್ಲ. ಮದುವೆಯ ಮಾತುಕತೆಯಲ್ಲಿ ‘ಹುಡುಗಿ ಒಲ್ಲೆ ಅಂತಾಳ’ ಎಂಬ ಸುದ್ದಿ ಬಂದಾಗ ಆ ಅಂತರ ದೊಡ್ಡದಾಗುತ್ತದೆ. ಹಿರಿಯರಿಗೆ ಬೇಡವಾದ ಸಂಬಂಧಕ್ಕೂ ಆಕೆ ಒಲ್ಲದ ಸಂಬಂಧಕ್ಕೂ ವ್ಯತ್ಯಾಸ ಇದೆಯೆಂದು ಕ್ರಿಯಾಪದವೇ ಹೇಳುತ್ತದೆ. ಅಂದಹಾಗೆ ಈ ಧಾತು ತೆಂಕಣದಲ್ಲೂ ಸತ್ತಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂಬ ಗಾದೆ ಎಲ್ಲರದೂ ಹೌದು. ಮಂತ್ರಿಯೊಬ್ಬರು ‘ಒಲ್ಲದ ಮನಸ್ಸಿನಿಂದ’ ರಾಜೀನಾಮೆ ಕೊಟ್ಟರೆಂದು ಬೆಂಗಳೂರಿನ ಪತ್ರಿಕೆಗಳೇ ಬರೆಯುತ್ತವೆ. ರಾಜಧಾನಿಯಲ್ಲಿ ಶಿಷ್ಟವಾದ ಧಾತು ಹುಕ್ಕೇರಿಯಲ್ಲಿ ಅಶಿಷ್ಟವಾಗುವುದು ಯಾವ ನ್ಯಾಯ?

ಕೊನೆಯ ಆಕ್ಷೇಪಣೆ ವ್ಯವಹಾರದ್ದು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪ್ರಶ್ನೆಪತ್ರಿಕೆ ಇದ್ದಮೇಲೆ ಎಲ್ಲರಿಗೂ ತಿಳಿಯುವ ಒಂದು ಬರಹದ ಕನ್ನಡ ಬೇಡವೇ? ಬೇಕು. ಈ ಲೇಖನವನ್ನೂ ನಾನು ಅದರಲ್ಲೇ ಬರೆದಿದ್ದೇನೆ. ಆದರೆ ಬರಹದ ಕನ್ನಡ ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ. ಒಪ್ಪಂದದ ಹೊರಗಿರುವುದೆಲ್ಲ ತಪ್ಪು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಈ ಮಾತು ನಾಟಕಕ್ಕೆ, ಹಾಡಿಗೆ ಮಾತ್ರ ಲಾಯಕ್ಕು ಎಂಬ ರಾಜಿಯೂ ಸಾಲದು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು ಇಲ್ಲಿನ ನುಡಿಯಲ್ಲಿ ಕವಿತೆ ಬರೆದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು 1972ರ ‘ಜೋಕುಮಾರಸ್ವಾಮಿ’ಯಿಂದ ಅದನ್ನು ರಂಗದ ಮೇಲೆ ನಿಲ್ಲಿಸಿದರು. ಅವರಿಗೆ ಜ್ಞಾನಪೀಠ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಪ್ರಶಸ್ತಿ ಬಂದ ಲೇಖಕರ ಪುಸ್ತಕದಲ್ಲಿ ಅದು ‘ಸೊಗಡು’, ಹುಡುಗನ ಪಟ್ಟಿಯಲ್ಲಿ ಅದೇ ‘ದೋಷ’ ಎಂದರೆ ನಾವು ಅಳೆಯುತ್ತಿರುವುದು ಮಾತನ್ನಲ್ಲ, ಆಡಿದವರ ಸ್ಥಾನಮಾನವನ್ನು.

ಹಾಗಾಗಿ ತರಗತಿಯಲ್ಲಿ ಆಗಬೇಕಾದದ್ದು ಇಷ್ಟೇ. ಗುರುಗಳು ‘ಇಂಥ ಪದವೇ ಇಲ್ಲ’ ಅನ್ನುವ ಬದಲು ‘ಇದು ಆಡುವ ರೂಪ, ಬರೆಯುವಾಗ ಇದೇ ಅರ್ಥಕ್ಕೆ ಬರಲೊಲ್ಲದು ಎಂಬ ರೂಪ ಇದೆ, ಬರುತ್ತಿಲ್ಲ ಎಂದರೆ ಅರ್ಥ ಸ್ವಲ್ಪ ಬೇರೆ’ ಎಂದು ಹೇಳಲಿ. ಈ ಒಂದು ಮಾತಿನಲ್ಲಿ ಸಂಧಿಯೂ ಬಂತು, ನಿಷೇಧರೂಪವೂ ಬಂತು, ಆಡುಮಾತಿಗೂ ಬರಹಕ್ಕೂ ಇರುವ ಸಂಬಂಧವೂ ಬಂತು. ಒಂದು ವ್ಯಾಕರಣದ ಪಾಠಕ್ಕೆ ಅಷ್ಟು ಸಾಕು. ಅಭಿಮಾನಿಗಳೂ ತಮ್ಮ ಮಾತಿಗೆ ವಂಶಾವಳಿ ಹುಡುಕುವ ಶ್ರಮ ಬಿಡಬಹುದು. ‘ಬರವಲ್ದು’ ನಿನ್ನೆ ಹುಟ್ಟಿದ್ದರೂ, ಅದರ ಅಷ್ಟೂ ಅಕ್ಷರ ಮರಾಠಿಯಿಂದಲೇ ಬಂದಿದ್ದರೂ, ಅದು ಇಂದು ಮಾಡುವ ಕೆಲಸವನ್ನೇ ಮಾಡುತ್ತಿದ್ದರೆ ಅದರ ಪರ ನನ್ನ ವಾದದಲ್ಲಿ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ.